ನಮ್ಮ ರಜೆಯ ಹೆಸರಿನಲ್ಲಿ ಗುಡ್ಡ ಕಡಿಯಬೇಡಿ

ಎರಡನೇ ಶನಿವಾರ, ಭಾನುವಾರದ ಬೆನ್ನಿಗೆ ಸೋಮವಾರವೊಂದು ಹಬ್ಬ ಬಂದರೆ ಸಾಕು, ಭದ್ರಾವತಿಯ ಜನ್ನಾಪುರದ ಬೀದಿಗಳಲ್ಲಿ ಬೆಳಗಿನ ಜಾವಕ್ಕೇ ಟಿಟಿ ಗಾಡಿಗಳು ಬಂದು ನಿಲ್ಲುತ್ತವೆ. ಚಿತ್ರಾನ್ನದ ಡಬ್ಬಿ, ಮಕ್ಕಳ ಬಟ್ಟೆಗಂಟು, ಅಜ್ಜಿಯ ಮಾತ್ರೆ ಚೀಲ ಎಲ್ಲವೂ ಹತ್ತುತ್ತವೆ. ಶಿವಮೊಗ್ಗ, ಸಾಗರ, ತಾಳಗುಪ್ಪ, ಮಾವಿನಗುಂಡಿ ದಾಟಿ ಗೇರುಸೊಪ್ಪೆಯ ಘಾಟಿ ಇಳಿದರೆ ಹೊನ್ನಾವರ. ಅಲ್ಲಿಂದ ಎಡಕ್ಕೆ ಮುರ್ಡೇಶ್ವರ, ಬಲಕ್ಕೆ ಕುಮಟಾ, ಗೋಕರ್ಣ, ಅಂಕೋಲಾ, ಕಾರವಾರ. ಭದ್ರಾವತಿಯ ಎಷ್ಟೋ ಮನೆಗಳಿಗೆ ಕಡಲೆಂದರೆ ಇದೇ ಕಡಲು.

ಹೋಗುವುದರಲ್ಲಿ ತಪ್ಪಿಲ್ಲ. ಕಾರ್ಖಾನೆಯ ಸೈರನ್ ಕೂಗಿಗೆ ಎದ್ದು, ಶಿಫ್ಟಿನ ಲೆಕ್ಕದಲ್ಲಿ ಬದುಕಿದ ಊರಿನ ಜನಕ್ಕೆ ಎರಡು ದಿನ ಅಲೆಗೆ ಕಾಲೊಡ್ಡಿ ನಿಲ್ಲುವ ಹಕ್ಕಿದೆ. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಉತ್ತರ ಕನ್ನಡದ ಕರಾವಳಿಯಲ್ಲಿ ಗುಡ್ಡದ ಬುಡ ಕಡಿದರೆ ಪ್ರವಾಸಿಗರ ಅನುಕೂಲಕ್ಕಂತೆ. ಅಲೆಯ ಅಂಚಿಗೆ ಅಂಗಡಿ ತಂದು ಕೂರಿಸಿದರೆ ಪ್ರವಾಸೋದ್ಯಮಕ್ಕಂತೆ. ಮೀನುಗಾರರ ದಾರಿಗೆ ಬೇಲಿ ಹಾಕಿದರೆ ಅಭಿವೃದ್ಧಿಗಂತೆ. ಆ ಪ್ರವಾಸಿಗರು ಯಾರು? ನಾವು. ನಮ್ಮನ್ನು ಯಾರು ಕೇಳಿದರು? ಯಾರೂ ಇಲ್ಲ. ನಮ್ಮ ಹೆಸರು ಬರೆದು, ನಮ್ಮ ಸಹಿ ಇಲ್ಲದೆಯೇ, ಆ ನೆಲವನ್ನು ಹರಾಜಿಗೆ ಇಟ್ಟಿದ್ದಾರೆ.

ಆ ಕರಾವಳಿಯ ಸ್ವಭಾವ ತಿಳಿದರೆ ಅಪರಾಧದ ಅಳತೆ ಗೊತ್ತಾಗುತ್ತದೆ. ಅಲ್ಲಿ ಸಹ್ಯಾದ್ರಿಯ ಚಾಚುಗಳು ಅಲ್ಲಲ್ಲಿ ನೇರವಾಗಿ ನೀರಿಗೇ ಇಳಿದಿವೆ. ಗೋಕರ್ಣದಲ್ಲಿ ಕುಡ್ಲೆ ಕಡಲತೀರದಿಂದ ಓಂ ಬೀಚಿಗೆ, ಅಲ್ಲಿಂದ ಹಾಫ್ ಮೂನ್ ಬೀಚಿಗೆ ಹೋಗುವವರು ಗುಡ್ಡ ಹತ್ತಿಯೇ ಇಳಿಯಬೇಕು. ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ಹೊಳೆಗಳು. ಗುಡ್ಡಕ್ಕೂ ನೀರಿಗೂ ನಡುವೆ ಉಳಿದಿರುವುದು ಕೆಲವು ಕಡೆ ಒಂದು ಪಟ್ಟಿಯಷ್ಟೇ ನೆಲ. ಗುಡ್ಡದ ಮೇಲೆ ಜಂಬಿಟ್ಟಿಗೆ ಕಲ್ಲು, ಅದರಡಿ ನೀರು ಕುಡಿದರೆ ಬೆಣ್ಣೆಯಂತಾಗುವ ಶೇಡಿ ಮಣ್ಣು. ಜಂಬಿಟ್ಟಿಗೆ ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಶೇಡಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬುಡ ಭದ್ರವಾಗಿರುವ ತನಕ ಗುಡ್ಡ ನಿಂತಿರುತ್ತದೆ. ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಭಾರಕ್ಕೆ ಆಧಾರವೇ ಇಲ್ಲ.

ಇದನ್ನು ಹೇಳಲು ದೊಡ್ಡ ಇಂಜಿನಿಯರೇ ಬೇಕಿಲ್ಲ. ಮನೆ ಕಟ್ಟಲು ಹಿತ್ತಲ ಧರೆ ಕಡಿಯುವ ಮಲೆನಾಡಿನ ರೈತನನ್ನು ಕೇಳಿ. ಧರೆಗೆ ಇಳಿಜಾರು ಕೊಡಬೇಕು, ಮೆಟ್ಟಿಲು ಬಿಡಬೇಕು, ನೆತ್ತಿಯಲ್ಲಿ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ಹಾಯಿಸಬೇಕು ಎನ್ನುತ್ತಾನೆ. ಆ ರೈತನಿಗೆ ಗೊತ್ತಿರುವುದು ರಾಷ್ಟ್ರೀಯ ಹೆದ್ದಾರಿ 66ನ್ನು ನಾಲ್ಕು ಪಥ ಮಾಡಲು ಹೊರಟವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಳಿಜಾರು ಕೊಡಲು ಹೆಚ್ಚು ಜಾಗ ಬೇಕು, ಹೆಚ್ಚು ಜಾಗಕ್ಕೆ ಹೆಚ್ಚು ದುಡ್ಡು ಬೇಕು. ಗುಡ್ಡವನ್ನು ನೆಟ್ಟಗೆ ಕಡಿದರೆ ಅಗ್ಗ. ಉಳಿದ ಬೆಲೆಯನ್ನು ರಸ್ತೆ ಬದಿಯಲ್ಲಿ ಬದುಕುವವರು ಕೊಟ್ಟರು.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆ ಬೆಲೆ ವಸೂಲಾಯಿತು. ಒಂದು ಪಕ್ಕ ಕಡಿದ ಗುಡ್ಡ, ಇನ್ನೊಂದು ಪಕ್ಕ ಮಳೆಗೆ ತುಂಬಿದ ಗಂಗಾವಳಿ, ನಡುವೆ ಹೆದ್ದಾರಿ. ಹೆದ್ದಾರಿಯ ಅಂಚಿಗೆ ಒಂದು ಕುಟುಂಬದ ಚಹಾದ ಹೋಟೆಲು. ಲಾರಿ ಚಾಲಕರು ಇಳಿದು ಚಹಾ ಕುಡಿಯುವ ಜಾಗ ಅದು. ಗುಡ್ಡ ಜಾರಿ ಬಂದು ಹೋಟೆಲನ್ನೂ, ನಡೆಸುತ್ತಿದ್ದ ಕುಟುಂಬವನ್ನೂ, ನಿಂತಿದ್ದ ವಾಹನಗಳನ್ನೂ ಹೊಳೆಗೆ ತಳ್ಳಿತು. ಅಡುಗೆ ಅನಿಲದ ಟ್ಯಾಂಕರು ನೀರಿನಲ್ಲಿ ತೇಲಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಒಟ್ಟು 11 ಜೀವ. ಕೇರಳದ ಚಾಲಕನೊಬ್ಬನ ಲಾರಿಯನ್ನು ಗಂಗಾವಳಿಯ ತಳದಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಡ್ರೆಜರ್ ತರಿಸಿದ ಮೇಲೆ. ಉಳುವರೆಯವರು ಹೆದ್ದಾರಿಯ ಪಕ್ಕದಲ್ಲೂ ಇರಲಿಲ್ಲ. ಹೊಳೆಯ ಆಚೆ ದಡದಲ್ಲಿ ತಮ್ಮ ಪಾಡಿಗೆ ತಾವಿದ್ದರು.

ಪ್ರಕೃತಿ ವಿಕೋಪ ಎಂದು ಹೇಳಿ ಕೈ ತೊಳೆಯಲು ಬರುವವರಿಗೆ 2009ರ ಅಕ್ಟೋಬರನ್ನು ನೆನಪಿಸಬೇಕು. ಕಾರವಾರದ ಕಡವಾಡದ ಝರಿವಾಡದಲ್ಲಿ ಅಂದು ಗುಡ್ಡ ಜರಿದು 19 ಜನ ಮಣ್ಣಾದರು. ಈ ಜಿಲ್ಲೆಯ ಗುಡ್ಡಗಳು ಭಾರೀ ಮಳೆಗೆ ಜಾರುತ್ತವೆ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕಿತ್ತು? ಹೇಳಿದ ಮೇಲೂ ಕೊಡಲಿ ಎತ್ತಿದರು. ಅಂಥದ್ದನ್ನು ವಿಕೋಪ ಎನ್ನಲಾಗದು. ಗೊತ್ತಿದ್ದೂ ಮಾಡಿದ್ದಕ್ಕೆ ಕಾನೂನಿನಲ್ಲಿ ಬೇರೆ ಹೆಸರಿದೆ.

ಶಿರೂರಿನ ಮಣ್ಣು ಇನ್ನೂ ಪೂರ್ತಿ ತೆಗೆದಿರಲಿಲ್ಲ, ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ಹೊಳೆಯ ಹಳೆಯ ಸೇತುವೆ ಮುರಿದು ಬಿತ್ತು. ಲಾರಿಯೊಂದು ಅದರ ಜೊತೆಗೇ ನೀರಿಗೆ ಹೋಯಿತು. ಕತ್ತಲಲ್ಲಿ ದೋಣಿ ತಂದು ಚಾಲಕನನ್ನು ಬದುಕಿಸಿದವರಲ್ಲಿ ಅಲ್ಲಿನ ಮೀನುಗಾರರಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವವರ ಕಾಲದಲ್ಲಿ, ಹಂಗೇ ಇಲ್ಲದವನನ್ನು ಎತ್ತಿ ದಡ ಸೇರಿಸಿದ ಜನ ಅವರು. ಅದೇ 66ನೇ ಹೆದ್ದಾರಿ 2025ರ ಮೇ ತಿಂಗಳಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲೂ ಕುಸಿಯಿತು. ರಾಜ್ಯ ಬದಲಾದರೂ ಅವಸರ ಬದಲಾಗಿಲ್ಲ.

ಮೀನುಗಾರರಿಗೆ ನಾವು ಕೊಟ್ಟ ಮರುಪಾವತಿ ಏನೆಂದು ನೋಡಬೇಕಾದರೆ ಹೊನ್ನಾವರದ ಕಾಸರಕೋಡಿಗೆ ಹೋಗಬೇಕು. 2020ರಲ್ಲಿ ಅಲ್ಲಿನ ಇಕೋ ಬೀಚಿಗೆ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ನೀರು ಶುದ್ಧ, ಮರಳು ಸ್ವಚ್ಛ, ಪರಿಸರಕ್ಕೆ ಒಪ್ಪುವ ತೀರ ಎಂದು ಅದರರ್ಥ. ನಾವೂ ಹೋಗಿ ನೀಲಿ ಬಾವುಟದ ಕೆಳಗೆ ಫೋಟೋ ಹೊಡೆಸಿಕೊಂಡೆವು. ಅದೇ ಊರಿನ ಟೊಂಕದಲ್ಲಿ, ಶರಾವತಿಯ ಅಳಿವೆಯ ಪಕ್ಕ, ಖಾಸಗಿ ವಾಣಿಜ್ಯ ಬಂದರಿನ ಯೋಜನೆ ಕೂತಿದೆ. ಅದು ಕಡಲಾಮೆಗಳು ಮೊಟ್ಟೆ ಇಡುವ ಮರಳು. ಅಲ್ಲಿನ ಹೆಂಗಸರು ಮೀನು ಒಣಗಿಸುವ ಮರಳೂ ಅದೇ. ಬಂದರಿಗೆ ರಸ್ತೆ ಮಾಡಲು ಬಂದಾಗ ಮೀನುಗಾರರು ಅಡ್ಡ ನಿಂತರು. ಅವರೆದುರು ಪೊಲೀಸರು ಬಂದು ನಿಂತರು. ಒಂದೇ ಊರಿನ ಒಂದು ತುದಿಯಲ್ಲಿ ಪರಿಸರದ ಬಾವುಟ, ಇನ್ನೊಂದು ತುದಿಯಲ್ಲಿ ಲಾಠಿ. ಬಾವುಟ ನಮಗೆ, ಲಾಠಿ ಅವರಿಗೆ.

ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡಲು ದಡಕ್ಕೆ ಬರುವುದು ಚಳಿಗಾಲದಿಂದ ಬೇಸಿಗೆಯ ಆರಂಭದ ತನಕ. ನಮ್ಮ ರಜೆಯ ಕಾಲವೂ ಅದೇ. ಮೊಟ್ಟೆಯೊಡೆದ ಮರಿ ಬೆಳಕಿನ ಕಡೆಗೆ ಹರಿಯುತ್ತದೆ. ಕತ್ತಲ ದಡದಲ್ಲಿ ಸಮುದ್ರವೇ ಹೆಚ್ಚು ಬೆಳ್ಳಗಿರುವುದರಿಂದ ಅದಕ್ಕೆ ದಾರಿ ತಪ್ಪುವುದಿಲ್ಲ. ರೆಸಾರ್ಟಿನ ಫ್ಲಡ್‌ಲೈಟು, ಮರಳಿಗಿಳಿದ ಜೀಪಿನ ಹೆಡ್‌ಲೈಟು ಉರಿಯುತ್ತಿದ್ದರೆ ಮರಿ ಕಡಲಿಗೆ ಬೆನ್ನು ಹಾಕಿ ರಸ್ತೆಗೆ ಹೊರಡುತ್ತದೆ. ಬೆಳಗಾದರೆ ನಾಯಿ, ಕಾಗೆ. ಇದನ್ನು ತಡೆಯಬೇಕಿದ್ದ ಕಾನೂನು ಏನು ಮಾಡಿತು? 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಪ್ರವಾಸೋದ್ಯಮಕ್ಕೆಂದೇ ಬಾಗಿಲು ತೆರೆಯಿತು. ಭರತದ ಗೆರೆಯಿಂದ 10 ಮೀಟರ್ ಬಿಟ್ಟರೆ ಸಾಕು, ತಾತ್ಕಾಲಿಕ ಶ್ಯಾಕು, ಬಟ್ಟೆ ಬದಲಿಸುವ ಕೋಣೆಗಳನ್ನು ಕಟ್ಟಬಹುದು. ಹತ್ತು ಮೀಟರ್ ಎಂದರೆ ನಮ್ಮ ಟಿಟಿ ಗಾಡಿಯನ್ನು ಹಿಂದೊಂದು ಮುಂದೊಂದು ನಿಲ್ಲಿಸಿದಷ್ಟೂ ಆಗುವುದಿಲ್ಲ.

ಅಭಿವೃದ್ಧಿಯ ಹೆಸರಿನ ಈ ಕಥೆ ನಮಗೆ ಹೊಸದೇ? ಭದ್ರಾವತಿಯವರು ಅಂಕೋಲೆಯ ಇನ್ನೊಂದು ಊರಿನ ಹೆಸರನ್ನು ಮರೆಯಬಾರದು: ಬೇಲೆಕೇರಿ. ನಮ್ಮ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉರಿ ಹಚ್ಚಿತು. ಕೆಮ್ಮಣ್ಣುಗುಂಡಿಯ ಅದಿರು ಅದರ ಹೊಟ್ಟೆ ತುಂಬಿಸಿತು. ಆ ಗಣಿ ನಿಂತ ಮೇಲೆ ಸ್ವಂತ ಗಣಿಯಿಲ್ಲದೆ ಕಾರ್ಖಾನೆ ಸೊರಗಿತು. ಗಣಿ ಕೊಡಿ ಎಂದು ಕಾರ್ಮಿಕರು ವರ್ಷಗಟ್ಟಲೆ ಕೂಗಿದರು. ಅದೇ ವರ್ಷಗಳಲ್ಲಿ ಬಳ್ಳಾರಿಯ ಅದಿರು ಲಾರಿಗಳಲ್ಲಿ ಘಟ್ಟ ಇಳಿದು ಬೇಲೆಕೇರಿಯಿಂದ ಹಡಗು ಹತ್ತುತ್ತಿತ್ತು. 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟ ಅದಿರಿನಲ್ಲೇ ಲಕ್ಷಾಂತರ ಟನ್ ಮಾಯವಾಯಿತು. 2011ರ ಲೋಕಾಯುಕ್ತ ವರದಿ ಅದನ್ನೆಲ್ಲ ಬಿಡಿಸಿಟ್ಟಿತು. 2024ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಕಾರವಾರದ ಶಾಸಕರೂ ಸೇರಿ ಹಲವರನ್ನು ತಪ್ಪಿತಸ್ಥರೆಂದಿತು. ಮರುತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ನಮ್ಮ ಕುಲುಮೆಗೆ ಇಲ್ಲದ ಅದಿರು ಹಡಗಿಗೆ ಇತ್ತು. ಬೇಲೆಕೇರಿಯ ಜನಕ್ಕೆ ಸಿಕ್ಕಿದ್ದು ಕೆಂಪು ಧೂಳು. ನಮಗೆ ಸಿಕ್ಕಿದ್ದು 2023ರ ಜನವರಿಯಲ್ಲಿ, ಕಾರ್ಖಾನೆ ಮುಚ್ಚುತ್ತೇವೆ ಎಂಬ ಪ್ರಕಟಣೆ. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತ ಮೇಲೆ, ಆಗಸ್ಟಿನಲ್ಲಿ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ನಮ್ಮೂರಿನ ಕಾಗದ ಕಾರ್ಖಾನೆಗೆ ಆ ಭಾಗ್ಯವೂ ಇಲ್ಲ. ಅದರ ಹೆಸರಿನಲ್ಲಿ ಮಲೆನಾಡಿನಲ್ಲಿ ಎಬ್ಬಿಸಿದ ಅಕೇಶಿಯಾ, ನೀಲಗಿರಿ ಮಾತ್ರ ಇನ್ನೂ ನಿಂತಿವೆ.

ಈಗ ಅದೇ ಅಂಕೋಲೆಯ ಕೇಣಿಯಲ್ಲಿ ಮತ್ತೊಂದು ಖಾಸಗಿ ಬಂದರು ಎನ್ನುತ್ತಿದ್ದಾರೆ. 2025ರಲ್ಲಿ ಮೀನುಗಾರರು ಅದಕ್ಕೂ ಬೀದಿಗಿಳಿದರು. ನಾವು ಇಳಿಯುವ ಗೇರುಸೊಪ್ಪೆಯ ಕಾಡಿನಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸುರಂಗ ಕೊರೆಯುವ ಸಿದ್ಧತೆ. ಉದ್ಯೋಗ, ಬೆಳಕು, ಪ್ರವಾಸ ಎಂದು ಪ್ರತಿ ಸಲವೂ ಅದೇ ಮೂರು ಮಾತು. ಎರಡು ಕಾರ್ಖಾನೆಗಳು ಸೊರಗುವುದನ್ನು ನೋಡಿದ ಊರು ಈ ಮಾತುಗಳನ್ನು ಇನ್ನೊಮ್ಮೆ ನಂಬಬೇಕೇ?

ಪ್ರವಾಸಿಗರ ಗಲೀಜಿನ ಬಗ್ಗೆ ಹೇಳಲೇಬೇಕು. ಓಂ ಬೀಚಿನ ಬಂಡೆಗಳ ಸಂದಿಯಲ್ಲಿ ಒಡೆದ ಬಿಯರ್ ಬಾಟಲಿ ಸಿಕ್ಕಿಸಿ ಬರುವವನಿಗೆ ನಾಚಿಕೆಯಾಗಬೇಕು. ಅವನಿಗೆ ದಂಡ ಹಾಕಿ, ನಾವೇ ಹಿಡಿದು ಕೊಡುತ್ತೇವೆ. ಆದರೆ ಒಂದು ಮೋಸವನ್ನು ಗುರುತಿಸಿಕೊಳ್ಳಿ. ಬಾಟಲಿ ಎಸೆದವನಿಗೆ ಬೋರ್ಡಿನಲ್ಲಿ ಎಚ್ಚರಿಕೆ ಬರೆಯುವ ಆಡಳಿತ ಗುಡ್ಡ ಕಡಿದವನಿಗೆ ನಮ್ಮಿಂದ ಟೋಲ್ ಕಟ್ಟಿಸುತ್ತದೆ. ಕಾಮಗಾರಿ ಮುಗಿಯುವ ಮೊದಲೇ ಹೆದ್ದಾರಿಯಲ್ಲಿ ಟೋಲ್ ವಸೂಲಿ ಶುರುವಾಗಿತ್ತು. ಶಿರೂರಿನ ದಾರಿಯಲ್ಲಿ ನಾವೂ ದುಡ್ಡು ಕೊಟ್ಟೇ ಹೋಗಿದ್ದೇವೆ. ಆ ದುಡ್ಡು ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ.

ಹಾಗಾಗಿ ಕೇಳುತ್ತೇವೆ. ಭಟ್ಕಳದಿಂದ ಕಾರವಾರದ ತನಕ ಹೆದ್ದಾರಿಗೆಂದು ಕಡಿದ ಪ್ರತಿ ಧರೆಯನ್ನೂ ಭೂವಿಜ್ಞಾನಿಗಳು ಪರೀಕ್ಷಿಸಲಿ. ವರದಿಯನ್ನು ಕನ್ನಡದಲ್ಲಿ ಆಯಾ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಅಪಾಯದ ಧರೆ ಇರುವಷ್ಟು ದೂರ ಟೋಲ್ ನಿಲ್ಲಲಿ. ಭಾರೀ ಮಳೆಯ ದಿನ ಅಂಥ ಕಡೆ ರಸ್ತೆ ಮುಚ್ಚಲಿ, ನಮ್ಮ ಪ್ರವಾಸ ಹಾಳಾದರೂ ಚಿಂತೆಯಿಲ್ಲ. ಕಡಲಾಮೆ ಬರುವ ತೀರಗಳಲ್ಲಿ ಆ ಕಾಲಕ್ಕೆ ದೀಪ ಆರಲಿ, ವಾಹನ ಇಳಿಯದಿರಲಿ. ಟೊಂಕದಲ್ಲಾಗಲಿ ಕೇಣಿಯಲ್ಲಾಗಲಿ ಅಲ್ಲಿ ಬಲೆ ಬೀಸುವವರ ಒಪ್ಪಿಗೆ ಇಲ್ಲದೆ ಒಂದು ಕಲ್ಲೂ ಬೀಳದಿರಲಿ. ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸರ್ ಜೌಗುಭೂಮಿಯ ಮನ್ನಣೆ ಕೊಟ್ಟಿದ್ದೀರಿ. ಅಲ್ಲಿ ಬಳಚು ಆರಿಸುವವರಿಗೂ ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರಿಗೂ ಆ ಮನ್ನಣೆಯ ರಕ್ಷಣೆ ಸಿಗಲಿ. ಹೊರಗಿನವರಿಗೆ ತೋರಿಸುವ ಪದಕವಾಗಿ ಉಳಿಯುವುದು ಬೇಡ.

ಇವಿಷ್ಟನ್ನೂ ಕರಾವಳಿಯವರೇ ಕೇಳಿ ಕೇಳಿ ದಣಿದಿದ್ದಾರೆ. ಅವರು ಕೇಳಿದಾಗ ಅಭಿವೃದ್ಧಿ ವಿರೋಧಿಗಳು ಎಂದು ಬಾಯಿ ಮುಚ್ಚಿಸುತ್ತಾರೆ. ನಾವು ಕೇಳಿದರೆ ಹಾಗೆನ್ನಲು ಬರುವುದಿಲ್ಲ. ಯಾರ ಅನುಕೂಲಕ್ಕೆ ಎಂದು ಹೇಳಿಕೊಂಡು ಇದೆಲ್ಲ ನಡೆದಿದೆಯೋ ಆ ಜನವೇ ನಾವು. ಅದಕ್ಕೇ ಜನ್ನಾಪುರದಿಂದ, ಭದ್ರಾವತಿಯಿಂದ, ಶಿವಮೊಗ್ಗದಿಂದ ಹೊರಡುವ ಗಾಡಿಗಳು ಮುಂದಿನ ರಜೆಯಲ್ಲಿ ನೀಲಿ ಬಾವುಟದ ಹತ್ತಿರವೇ ನಿಲ್ಲದೆ ಟೊಂಕದ ತನಕ ಹೋಗಲಿ. ಕಾರ್ಖಾನೆಯ ಉಳಿವಿಗೆ ಬಿಸಿಲಲ್ಲಿ ಕೂತ ಕಾರ್ಮಿಕರು ಮೀನುಗಾರರ ಜೊತೆ ಒಂದು ದಿನ ಕೂರಲಿ. ಧರಣಿ ಕೂರುವುದು ಹೇಗೆಂದು ಈ ಊರಿಗೆ ಯಾರೂ ಕಲಿಸಬೇಕಾಗಿಲ್ಲ.