ಮಂಗನ ಹೆಸರಿನ ಹಿಂದೆ ಮರೆಯಾದ ಉಣ್ಣಿ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳೂ ಮನುಷ್ಯರೂ ಸಾವಿಗೀಡಾದಾಗ ಹೊಸ ವೈರಾಣುವೊಂದು ಬೆಳಕಿಗೆ ಬಂತು. ಜನರು ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಹೆಸರಿನ ಜೊತೆಗೆ ತಪ್ಪು ತಿಳಿವಳಿಕೆಯೂ ಬೇರೂರಿತು. ಮಂಗವು ಈ ರೋಗಕ್ಕೆ ಮನುಷ್ಯನಂತೆಯೇ ಬಲಿಯಾಗುವ ಪ್ರಾಣಿ. ವೈರಾಣುವನ್ನು ಕಾಡಿನಲ್ಲಿ ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡು ಬರುವುದು ಉಣ್ಣಿಗಳು ಮತ್ತು ಅವುಗಳಿಗೆ ರಕ್ತವೀಯುವ ಸಣ್ಣ ಪ್ರಾಣಿಗಳು.

ಉಣ್ಣಿ ಎಂಬುದು ಒಂದೇ ಜೀವಿಯಲ್ಲ. ರೋಗದ ಮುಖ್ಯ ವಾಹಕವಾದ ಹೀಮಾಫೈಸಾಲಿಸ್ ಸ್ಪಿನಿಜೆರಾವನ್ನು 1897ರಲ್ಲಿ ನ್ಯೂಮನ್ ವರ್ಣಿಸಿದರು. ಇದರ ಮರಿಗಳು ಇಲಿ, ಸುಂಡಿಲಿ, ನೆಲದ ಹಕ್ಕಿ, ಮಂಗಗಳನ್ನು ಆಶ್ರಯಿಸಿದರೆ, ಬೆಳೆದ ಉಣ್ಣಿಗಳು ದನ, ಕಾಟಿಗಳನ್ನು ಹುಡುಕುತ್ತವೆ. ಬೇಸಿಗೆಯ ತರಗೆಲೆಗಳಲ್ಲಿ ಮನುಷ್ಯನಿಗೆ ಅಂಟಿಕೊಳ್ಳುವುದು ಅದರ ನಡುಹಂತದ ಮರಿ. 1933ರಲ್ಲಿ ವಾರ್ಬರ್ಟನ್ ವರ್ಣಿಸಿದ ಇಕ್ಸೋಡಿಸ್ ಪೆಟಾರಿಸ್ಟೆಯ ಹೆಸರಿನಲ್ಲೇ ಅದರ ಆತಿಥೇಯವಿದೆ. ಪೆಟಾರಿಸ್ಟ ಎಂದರೆ ಹಾರುಬೆಕ್ಕಿನ ಕುಲ. ಬೆಕ್ಕೆಂದು ಕರೆಸಿಕೊಂಡರೂ ಅದು ಅಳಿಲಿನ ಬಳಗದ ದಂಶಕ. ಇಕ್ಸೋಡಿಸ್‌ಗಳಲ್ಲಿ ಗುದದ್ವಾರದ ಸುತ್ತಲಿನ ಗೀರು ಮುಂಭಾಗದಲ್ಲಿ ಬಾಗಿದ್ದರೆ ಹೀಮಾಫೈಸಾಲಿಸ್‌ಗಳಲ್ಲಿ ಹಿಂಭಾಗದಲ್ಲಿರುತ್ತದೆ. ಈ ಪೆಟಾರಿಸ್ಟೆ ಉಣ್ಣಿಯಲ್ಲಿ ವೈರಾಣುವು ಮೊಟ್ಟೆಯ ಮೂಲಕ ಮುಂದಿನ ಪೀಳಿಗೆಗೆ ದಾಟಬಲ್ಲದೆಂದು 1968ರ ಪ್ರಯೋಗಗಳು ತೋರಿಸಿದವು.

ಹೀಗಿರುವಾಗ ವರ್ಗೀಕರಣವನ್ನು ಪಂಡಿತರ ಕಾಲಹರಣವೆಂದು ತಳ್ಳಿಹಾಕುವುದು ಸರಿಯಲ್ಲ. ಹಳೆಯ ವರದಿಗಳು ವೈರಾಣು ದೊರೆತ ಇಲಿಯೊಂದನ್ನು ರ‍್ಯಾಟಸ್ ಬ್ಲಾನ್‌ಫೋರ್ಡಿ ಎನ್ನುತ್ತವೆ. ಇಂದಿನ ಗ್ರಂಥಗಳಲ್ಲಿ ಅದೇ ಇಲಿ ಮ್ಯಾಡ್ರೋಮಿಸ್ ಬ್ಲಾನ್‌ಫೋರ್ಡಿ. ಇದನ್ನರಿಯದ ವಿದ್ಯಾರ್ಥಿ ಒಂದು ಪ್ರಾಣಿಯನ್ನು ಎರಡೆಂದು ಎಣಿಸಿಯಾನು. ಅರವತ್ತು ವರ್ಷಗಳ ಹಿಂದಿನ ದುಡಿಮೆ ಇಂದಿನವರಿಗೆ ನಿರುಪಯುಕ್ತವಾದೀತು.

ಹಾಗೆಂದು ಇಲಿ, ಹಾರುಬೆಕ್ಕುಗಳನ್ನು ಕೊಲ್ಲುವುದು ಪರಿಹಾರವಲ್ಲ. ಉಣ್ಣಿಗೆ ಆತಿಥೇಯಗಳು ಹಲವು. ಒಂದನ್ನು ನಿವಾರಿಸಿದರೆ ಸರಪಳಿ ಕಡಿಯುವುದಿಲ್ಲ. ಸಮತೋಲ ಕೆಡಿಸಿದವನು ಮನುಷ್ಯನೇ. ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಪಿಗಾಗಿ ಕಾಡು ಕಡಿದ ಬೆನ್ನಲ್ಲೇ 1982-83ರಲ್ಲಿ ರೋಗವು ಭೀಕರವಾಗಿ ಹಬ್ಬಿತು. ಕಾಡಂಚಿನಲ್ಲಿ ಮೇಯುವ ದನಗಳು ಬೆಳೆದ ಉಣ್ಣಿಗಳಿಗೆ ಹೇರಳ ಆಹಾರವಾಗಿ ಅವುಗಳ ಸಂತತಿಯನ್ನು ಹೆಚ್ಚಿಸುತ್ತವೆ.

1990ರಿಂದ ಬಳಕೆಯಲ್ಲಿದ್ದ ಲಸಿಕೆಯನ್ನು 2022ರಲ್ಲಿ ಕೈಬಿಡಲಾಯಿತು. ಆದುದರಿಂದ ಮಂಗ ಸತ್ತ ಸುದ್ದಿ ಬಂದ ಮೇಲೆ ಎಚ್ಚರಗೊಳ್ಳುವ ಪದ್ಧತಿ ಸಾಲದು. ಮಳೆಗಾಲ ಮುಗಿದೊಡನೆ ಉಣ್ಣಿಗಳನ್ನು ಸಂಗ್ರಹಿಸಿ, ಜಾತಿ ಗುರುತಿಸಿ, ವೈರಾಣು ಪರೀಕ್ಷೆಗೊಳಪಡಿಸುವ ಕಾರ್ಯ ಪ್ರತಿವರ್ಷವೂ ನಡೆಯಬೇಕು. ಅದಕ್ಕೆ ಉಣ್ಣಿಯನ್ನು ಬಲ್ಲ ತಜ್ಞರು ಬೇಕು; ಮಲೆನಾಡಿನ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲೇ ಅವರು ತಯಾರಾಗಬೇಕು. ಯಾವ ಹಾಡಿಯಲ್ಲಿ ಯಾವ ಕಾಲಕ್ಕೆ ಉಣ್ಣಿ ಏಳುತ್ತದೆಂಬುದನ್ನು ಸೊಪ್ಪು ತರುವ ಹೆಂಗಸರೂ ದನಗಾಹಿಗಳೂ ಬಲ್ಲರು. ಆ ಅರಿವಿಗೂ ಸಂಶೋಧನೆಯಲ್ಲಿ ಸ್ಥಾನ ದೊರೆಯಬೇಕು.