ಹಾರುವ ಮುನ್ನ ಒಂದು ಗುಟುಕು

ವಿಮಾನ ನಿಲ್ದಾಣದ ಪಾನಗೃಹದಲ್ಲಿ ಗಡಿಯಾರಕ್ಕೆ ಮರ್ಯಾದೆಯಿಲ್ಲ. ಊರಿನಲ್ಲಿ ಸೂರ್ಯ ಮುಳುಗುವವರೆಗೆ ಲೋಟ ಮುಟ್ಟದ ಸಭ್ಯ ಗೃಹಸ್ಥರೂ ಅಲ್ಲಿ ಬೆಳಗಿನ ಏಳಕ್ಕೇ ಬಿಯರ್ ತರಿಸಿಕೊಳ್ಳುತ್ತಾರೆ. ನೋಡಿದವರು ಹುಬ್ಬೇರಿಸುವುದೂ ಇಲ್ಲ. ‘ಪ್ರಯಾಣವಲ್ಲವೆ!’ ಎಂಬ ಒಂದೇ ಮಾತು ಎಲ್ಲಕ್ಕೂ ಸಮಾಧಾನ.

ಆಯನೂರಿನಂಥ ಊರಿನವರಿಗೆ ಈ ಪ್ರಲೋಭನೆ ಬಹುಕಾಲ ದೂರವೇ ಉಳಿದಿತ್ತು. ಸಾಗರದ ಕಡೆಯಿಂದ ಬರುವ ಬಸ್ಸು ಹಿಡಿದು ಶಿವಮೊಗ್ಗ ಸೇರಿದರೆ ಅಲ್ಲಿಂದ ಬೆಂಗಳೂರಿಗೆ ರಾತ್ರಿಯ ರೈಲು. ಪಾನವೆಂದರೆ ಬಸ್ ನಿಲ್ದಾಣದ ಕಾಫಿ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ತಾವರೆಯಾಕಾರದ ಕಟ್ಟಡ, 3,200 ಮೀಟರ್ ಉದ್ದದ ಓಡುದಾರಿ—ಆಕಾಶಯಾನ ಮನೆಯಂಗಳಕ್ಕೇ ಬಂದಂತಾಯಿತು.

ಆದರೆ ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೊರಟ ತಾಯ್ತಂದೆಯರು ದೇವನಹಳ್ಳಿಯ ದೊಡ್ಡ ನಿಲ್ದಾಣದಲ್ಲಿ ನಡುರಾತ್ರಿಯ ವಿಮಾನಕ್ಕಾಗಿ ಗಂಟೆಗಟ್ಟಲೆ ಕಾಯಲೇಬೇಕು. ಪಾನಗೃಹದ ದೀಪ ಕಣ್ಣಿಗೆ ಬೀಳುವುದು ಅಲ್ಲಿ. “ಸ್ವಲ್ಪ ತೆಗೆದುಕೊಳ್ಳಿ ಮಾವ, ನಿದ್ದೆ ಚೆನ್ನಾಗಿ ಬರುತ್ತದೆ” ಎಂದು ಜೊತೆಯಲ್ಲಿ ಹೊರಟ ಅಳಿಯ ಉಪಚಾರ ಮಾಡುತ್ತಾನೆ. “ಬಿ.ಪಿ. ಮಾತ್ರೆ ನುಂಗಿದ್ದೀರಿ, ನೆನಪಿರಲಿ” ಎಂದು ಅತ್ತೆಯವರು ಬೇರೆಲ್ಲೋ ನೋಡುತ್ತ ನುಡಿಯುತ್ತಾರೆ.

ವಿಜ್ಞಾನ ಅತ್ತೆಯವರ ಪಕ್ಷದಲ್ಲಿದೆ. ಹಾರುತ್ತಿರುವ ವಿಮಾನದೊಳಗಿನ ಗಾಳಿ ನೆಲದ ಗಾಳಿಯಂತಲ್ಲ. ಅದರ ಒತ್ತಡ ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ಜರ್ಮನಿಯ ಕಲೋನ್ ನಗರದ ವಿಜ್ಞಾನಿಗಳು ಅಂಥ ಒತ್ತಡವಿರುವ ಕೋಣೆಯಲ್ಲಿ ಆರೋಗ್ಯವಂತ ತರುಣರನ್ನು ನಾಲ್ಕು ಗಂಟೆ ಮಲಗಿಸಿ ನೋಡಿ, ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದರು. ಕುಡಿಯದೆ ಮಲಗಿದಾಗ ರಕ್ತದ ಆಮ್ಲಜನಕ ಸುಮಾರು ಶೇಕಡ 88ರಷ್ಟಿತ್ತು. ಎರಡು ಡಬ್ಬಿ ಬಿಯರಿನಷ್ಟು ಮದ್ಯ ಸೇವಿಸಿ ಮಲಗಿದಾಗ 85ಕ್ಕೆ ಇಳಿಯಿತು. ಹೃದಯದ ಬಡಿತವೋ ನಿಮಿಷಕ್ಕೆ 73ರಿಂದ 88ಕ್ಕೆ ಏರಿತು. ಅಳಿಯ ಹೇಳಿದ ‘ಒಳ್ಳೆಯ ನಿದ್ದೆ’ ಇದೇ! ತರುಣರ ಪಾಡೇ ಹೀಗಾದರೆ, ಅರವತ್ತೈದು ದಾಟಿದ, ಮೊದಲೇ ಹೃದಯದ ತೊಂದರೆಯಿರುವ ಹಿರಿಯರ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಮಾನದ ಒಣಹವೆ ಬೇರೆ ಗಂಟಲಾರಿಸುತ್ತದೆ.

ಹಾಗಾದರೆ ಜನ ಕುಡಿಯುವುದೇಕೆ? ಅರ್ಧ ಬೇಸರ, ಅರ್ಧ ಭಯ. ಭಯವನ್ನು ಹಾಸ್ಯಮಾಡುವುದು ಸಲ್ಲದು. ಮೊದಲ ಬಾರಿ ನೆಲ ಬಿಡುವವರಿಗೆ ಎದೆ ಢವಗುಟ್ಟುವುದು ಸಹಜವೇ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವ ಪದ್ಧತಿಯಿಲ್ಲವಾದ್ದರಿಂದ ಕೆಲವರು ನೆಲದ ಮೇಲೆಯೇ ಎರಡರಷ್ಟು ಮುಗಿಸಿ ಹತ್ತುತ್ತಾರೆ. ಅಂಥವರ ಗಲಾಟೆ ಸಹಿಸಲಾರದೆ 2017ರಲ್ಲಿ ನಿಯಮ ಬಂತು: ಒರಟು ಮಾತಿಗೆ 3 ತಿಂಗಳವರೆಗೆ, ಕೈಮಾಡಿದರೆ 6 ತಿಂಗಳವರೆಗೆ, ಪ್ರಾಣಾಪಾಯ ತಂದರೆ 2 ವರ್ಷ ಇಲ್ಲವೆ ಇನ್ನೂ ಹೆಚ್ಚುಕಾಲ ವಿಮಾನ ಹತ್ತದಂತೆ ನಿಷೇಧ. ಇನ್ನು ಚಾಲಕರಿಗೆ ಹಾರಾಟದ ಹಿಂದಿನ 12 ಗಂಟೆ ಹನಿಯೂ ಕೂಡದು.

ವಿಮಾನ ನಿಲ್ದಾಣದಲ್ಲಿ ಹುಟ್ಟಿ ಲೋಕಪ್ರಸಿದ್ಧವಾದ ಪಾನೀಯವೊಂದಿದೆ—ಐರಿಷ್ ಕಾಫಿ. ಐರ್ಲೆಂಡಿನ ಫೊಯಿನ್ಸ್‌ನಲ್ಲಿ ಸಮುದ್ರ ವಿಮಾನಗಳು ಇಳಿಯುತ್ತಿದ್ದ 1940ರ ದಶಕದಲ್ಲಿ ಜೋ ಶೆರಿಡನ್ ಎಂಬ ಬಾಣಸಿಗ ಬಿಸಿ ಕಾಫಿಗೆ ವಿಸ್ಕಿ ಬೆರೆಸಿ, ಮೇಲೆ ಕೆನೆ ತೇಲಿಬಿಟ್ಟನೆಂದು ಹೇಳುತ್ತಾರೆ. ಅದನ್ನವನು ಕೊಟ್ಟದ್ದು ಹಾರಲು ಹೊರಟವರಿಗಲ್ಲ. ಹವೆ ಕೆಟ್ಟು, ಅರ್ಧದಾರಿಯಿಂದ ಹಿಂತಿರುಗಿ, ಚಳಿಯಲ್ಲಿ ನಡುಗುತ್ತ ಕೆಳಗಿಳಿದವರಿಗೆ.