ಒರೆಗಲ್ಲಿಗೆ ಸವಕಳಿಯುಂಟೇ?

ಅಕ್ಕಸಾಲಿಗರ ಮನೆತನದಲ್ಲಿ ಪಾಲುಪಟ್ಟಿಯಾಗುವಾಗ ಮನೆ, ನಿವೇಶನ, ದಾಸ್ತಾನು, ಬರಬೇಕಾದ ಬಾಕಿ ಎಲ್ಲಕ್ಕೂ ಬೆಲೆ ಕಟ್ಟಲಾಗುತ್ತದೆ. ಅಜ್ಜನ ಕಾಲದ ಅಡಿಗಲ್ಲು, ಕಂಬಚ್ಚು, ಊದುಗೊಳವೆ, ಒರೆಗಲ್ಲುಗಳ ಸರದಿ ಬಂದಾಗ ಮಾತ್ರ 'ಅವು ಹಾಗೆಯೇ ಇರಲಿ' ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಯುತ್ತದೆ. ಕೆಲವು ವರ್ಷಗಳ ನಂತರ ವಿಚಾರಿಸಿದರೆ, ಅವು ಗುಜರಿ ಸೇರಿರುತ್ತವೆ.

ಲೆಕ್ಕಶಾಸ್ತ್ರ ಇದಕ್ಕೆ ಆಕ್ಷೇಪಿಸುವುದಿಲ್ಲ. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯು ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷಗಳ ಆಯುಷ್ಯವನ್ನೂ, ಮೂಲ ಬೆಲೆಯ ಶೇ. 5ನ್ನು ಸಾಮಾನ್ಯವಾಗಿ ಮೀರದ ಉಳಿಕೆ ಮೌಲ್ಯವನ್ನೂ ಹೇಳುತ್ತದೆ. ಇಂತಹ ಅಂಗಡಿಗಳು ಕಂಪನಿಗಳಲ್ಲ, ನಿಜ. ಆದರೆ ಸವಕಳಿಯ ತರ್ಕ ಅಲ್ಲಿಯೂ ಅದೇ. ಒರೆಗಲ್ಲು ಈ ತರ್ಕಕ್ಕೆ ಒಗ್ಗುವುದಿಲ್ಲ. ನುಣುಪಾದ ಕಪ್ಪು ಕಲ್ಲಿನ ಮೇಲೆ ಗಿರಾಕಿಯ ಚಿನ್ನವನ್ನು ತಿಕ್ಕಿ, ಪಕ್ಕದಲ್ಲಿ ಗೊತ್ತಿರುವ ಮಟ್ಟದ ಚಿನ್ನದ ಗೆರೆಯನ್ನೆಳೆದು, ಆಮ್ಲ ತಾಗಿಸಿ ಹೋಲಿಸುವ ಪರೀಕ್ಷೆಯಲ್ಲಿ ಸವೆಯುವುದು ಚಿನ್ನವೇ ಹೊರತು ಕಲ್ಲಲ್ಲ. ಮೊಮ್ಮಗನ ಕಣ್ಣು ಪಳಗಿರುವುದೂ ಅದೇ ಕಲ್ಲಿನ ಮೇಲೆ. 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದೆ, ಕ್ಯಾರೆಟ್ ಮೀಟರುಗಳು ಬಂದಿವೆ. ಆದರೂ ಮುದ್ರೆಯಿಲ್ಲದ ಹಳೆಯ ಬಳೆ ಮಾರಾಟಕ್ಕೆ ಬಂದಾಗ ಅನೇಕ ಅಂಗಡಿಗಳಲ್ಲಿ ಮೊದಲು ಕೈಗೆ ಬರುವುದು ಕಲ್ಲೇ.

ಈ ಪೆಟ್ಟಿಗೆಗಳು ಇದಕ್ಕಿಂತ ಕಠಿಣ ದಿನಗಳನ್ನು ಕಂಡಿವೆ. 1963ರ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಆಭರಣಗಳನ್ನು ನಿಷೇಧಿಸಿದಾಗ ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 1968ರ ಚಿನ್ನ ನಿಯಂತ್ರಣ ಕಾಯಿದೆ ರದ್ದಾದದ್ದು 1990ರಲ್ಲಿ. ಆ ನಡುವೆ ಹಸಿವಿದ್ದರೂ ಉಪಕರಣ ಮಾರದ ಮನೆತನಗಳೇ ಮತ್ತೆ ಕಸುಬಿಗೆ ಕುಳಿತವು.

ಭಾವುಕತೆಗೂ ಮಿತಿ ಬೇಕು. ತೊಲ, ಗುಲಗಂಜಿಯ ತೂಕಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. 2009ರ ಕಾನೂನು ಮಾಪನ ಕಾಯಿದೆಯ ಪ್ರಕಾರ ಪರಿಶೀಲಿಸಿ ಮುದ್ರೆ ಒತ್ತಿದ ಮೆಟ್ರಿಕ್ ತೂಕಗಳೇ ಆಗಬೇಕು. ಅಜ್ಜನ ತಕ್ಕಡಿ ಗಾಜಿನ ಕಪಾಟಿನಲ್ಲಿದ್ದರೆ ಸಾಕು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಡಿಕ್ರಿ ಪಡೆದ ಸಾಲಗಾರನೂ ಮುಟ್ಟಲಾಗದ ವಸ್ತುವನ್ನು ವಾರಸುದಾರರು ಕಿಲೋ ಲೆಕ್ಕದಲ್ಲಿ ತೂಗಿಕೊಡುವುದು ವಿಚಿತ್ರ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು ಉಪಕರಣಗಳಿಗೆ 15,000 ರೂಪಾಯಿಗಳವರೆಗೆ ನೆರವು ನೀಡುತ್ತದೆ. ಅದು ಸ್ವಾಗತಾರ್ಹ, ಆದರೆ ಹೊಸ ಕಿಟ್ ಬಂತೆಂದು ಹಳೆಯದನ್ನು ಹೊರಹಾಕಬೇಕಾಗಿಲ್ಲ.

ಪಾಲುಪಟ್ಟಿಯಲ್ಲಿ ಉಪಕರಣಗಳಿಗೆ ಪ್ರತ್ಯೇಕ ಯಾದಿ ಇರಲಿ. ಕಂಬಚ್ಚು ಅಣ್ಣನಿಗೆ, ಇಕ್ಕಳ ತಮ್ಮನಿಗೆ ಎಂದು ಒಡೆಯದೆ, ಕಸುಬು ಮುಂದುವರಿಸುವವರಿಗೆ ಇಡೀ ಪೆಟ್ಟಿಗೆಯನ್ನು ಕೊಟ್ಟು ಉಳಿದವರಿಗೆ ನಗದಿನಲ್ಲಿ ಸರಿದೂಗಿಸಬಹುದು. ಮನೆಯಲ್ಲಿ ಯಾರೂ ಕಸುಬಿನಲ್ಲಿಲ್ಲದಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಅಂಗಡಿಯ ಹಳೆಯ ಕೆಲಸಗಾರನನ್ನು ಒಮ್ಮೆ ಕೇಳುವುದು ಉಚಿತ.